ಮಿಗಿಸಿದ ಗೋಡೆ

ಸಿದ್ದಮಲ್ಲಪ್ಪ ಒಂದು ಗೋಡೆ ಮಿಗಿಸಿದ ಕಥೆಯನ್ನು ಕೇಳದೆ ತಪ್ಪಿಸಿಕೊಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಡೇರಿಯಲ್ಲಿ ಹಾಲು ಹಾಕಲು ನಿಂತವರಿಗೆ ಹೇಳಿದ್ದ, ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದ್ದ, ಬೀಗರ ಊರಾದ ಭೇರ್ಯಕ್ಕೆ ಹೋದಾಗ ಊಟದ ಎಲೆಯ ಮುಂದೆಯೂ ಹೇಳಿದ್ದ.

"ರೂಮು ಅಂದ್ರೆ ನಾಕು ಗೋಡೆ ಅಲ್ವಾ? ನಾನು ಕಟ್ಸಿದ್ದು ಮೂರೇ. ನಾಕ್ನೇದು ಬ್ಯಾರನ್ ಗೋಡೆ. ಆಗ್ಲೆ ನಿಂತದೆ, ಗಟ್ಟಿಮುಟ್ಟಾಗದೆ. ಅದಕ್ಕೇ ಆನಿಸ್ಕೊಂಡು ಮೋಲ್ಡ್ ಹಾಕ್ಸುಬುಟ್ಟೆ!"

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕಟ್ಟಡ. ಹೊರಗಿನ ಒಲೆಗೆ ಸೌದೆ ಹಾಕಿದರೆ ಬಿಸಿ ತಗಡಿನ ಕೊಳವೆಗಳ ಒಳಗೆ ಓಡಾಡಿ, ಮೇಲೆ ಕಡ್ಡಿಕಡ್ಡಿಯಾಗಿ ತೂಗುಬಿಟ್ಟ ಹಸಿರು ಸೊಪ್ಪನ್ನು ಐದಾರು ದಿನದಲ್ಲಿ ಬಂಗಾರದ ಬಣ್ಣಕ್ಕೆ ತರುತ್ತದೆ. ಬೇಯಿಸುವುದು ಎಂದು ಬಾಯಲ್ಲಿ ಸುಲಭವಾಗಿ ಹೇಳಬಹುದು. ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾದರೆ ಇಡೀ ಬೆಳೆ ಕಪ್ಪಾಗಿ ಕೂರುತ್ತದೆ. ಸಿದ್ದಮಲ್ಲಪ್ಪನ ಬ್ಯಾರನ್ನಿನಲ್ಲಿ ಮಾತ್ರ ನಲವತ್ತು ವರ್ಷದಲ್ಲಿ ಸೊಪ್ಪು ಕಪ್ಪಾದದ್ದು ಒಂದೇ ಸಲ, ಅದೂ ಅವನಿಗೆ ಟೈಫಾಯಿಡ್ ಬಂದ ವರ್ಷ. ಸುತ್ತಲಿನವರು ಅನುಮಾನ ಬಂದರೆ ಅವನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಆ ಹೆಮ್ಮೆಗೆ ಈಗ ಮಿಗಿಸಿದ ಗೋಡೆಯೂ ಸೇರಿಕೊಂಡಿತ್ತು.

ರೂಮು ಕಟ್ಟಿಸಿದ್ದು ಸೊಸೆ ನೀಲಾಂಬಿಕೆಗಾಗಿ. ಅವಳು ಭೇರ್ಯದಿಂದ ಈ ಮನೆಗೆ ಬಂದು ಹದಿಮೂರು ವರ್ಷವಾಗಿತ್ತು. ಮನೆಯಲ್ಲಿ ಬಾಗಿಲಿದ್ದ ಕೋಣೆ ಒಂದೇ, ಅದು ಅತ್ತೆ ಸರ್ವಮಂಗಳಮ್ಮನದು. ಮಣ್ಣಿನ ಗೋಡೆ, ನಾಡಹೆಂಚಿನ ಹಳೆಯ ಕೋಣೆ. ಮಗ ಸೊಸೆ ಮೊಮ್ಮಗಳು ಪಡಸಾಲೆಯಲ್ಲಿ ಮಲಗುತ್ತಿದ್ದರು. ಒಂದು ದಿನ ನೀಲಾಂಬಿಕೆ ಮಾವನಿಗೆ ಕಾಫಿ ಕೊಡುತ್ತಾ, "ಮಾವ, ನಮ್ಗೂ ಒಂದು ಬಾಗ್ಲಿರೋ ಕೋಣೆ ಆಗಿದ್ರೆ ಚೆನ್ನಾಗಿತ್ತು," ಎಂದಿದ್ದಳು. ಅಷ್ಟೇ. ಎರಡನೇ ಸಲ ಬಾಯಿ ಬಿಟ್ಟಿರಲಿಲ್ಲ. ಸಿದ್ದಮಲ್ಲಪ್ಪ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬೇಸಿಗೆಯಲ್ಲಿ ಕಟ್ಟಿಸಿಯೇಬಿಟ್ಟ. ಬಸವ ಜಯಂತಿಯ ದಿನ ಅಲ್ಲಿ ಹಾಲು ಉಕ್ಕಿಸಿದಾಗ ನೀಲಾಂಬಿಕೆ ಮಾವನ ಕಾಲಿಗೆ ನಮಸ್ಕಾರ ಮಾಡಿ ಎದ್ದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಂತೋಷಕ್ಕೇ ಅತ್ತದ್ದು. ಮೂರು ತಿಂಗಳು ಆ ರೂಮಿನಲ್ಲಿ ಅವರು ರಾಜರಾಣಿಯ ಹಾಗೆ ನಿದ್ದೆ ಮಾಡಿದರು.

ಆಗಸ್ಟಿನಲ್ಲಿ ಬ್ಯಾರನ್ ಹತ್ತಿತು. ಆಮೇಲೆ ಮಗ ಕಾಂತರಾಜನ ನಿದ್ದೆ ಹಾರಿಹೋಯಿತು.

ಎರಡೂ ಒಟ್ಟಿಗೆ ಆದವು ಎಂದು ಈಗ ಬರೆಯುವುದು ಸುಲಭ. ಆಗ ಯಾರಿಗೂ ಹೊಳೆಯಲಿಲ್ಲ. ಯಾಕೆಂದರೆ ಜೂನಿನಲ್ಲಷ್ಟೇ ಕಾಂತರಾಜ್ ಶಾಲೆಯ ವ್ಯಾನು ಓಡಿಸುವ ಕೆಲಸ ಹಿಡಿದಿದ್ದ. ಬೈಲಕುಪ್ಪೆಯ ಕಡೆಯ ಹಳ್ಳಿಗಳಿಂದ ಇಪ್ಪತ್ತೆರಡು ಮಕ್ಕಳನ್ನು ತುಂಬಿಕೊಂಡು ಪಿರಿಯಾಪಟ್ಟಣಕ್ಕೆ ಬಿಡಬೇಕು. ಮಗಳು ಚೈತ್ರ, ಮನೆಯವರಿಗೆಲ್ಲ ಪುಟ್ಟಿ, ಆ ಶಾಲೆಯಲ್ಲಿ ಏಳನೇ ಕ್ಲಾಸು ಓದುತ್ತಿದ್ದದ್ದೂ ಆ ವ್ಯಾನಿನ ದಯೆಯಿಂದಲೇ. ಹಾಗಾಗಿ ನಿದ್ದೆ ಬಾರದಿದ್ದಕ್ಕೆ ಎಲ್ಲರೂ ವ್ಯಾನನ್ನೇ ಬೈದರು.

"ಬೆಳಗಾನ ಗಾಡಿ ಓಡ್ಸೋದೇ ತಲೇಲಿರ್ತದೆ, ಅದ್ಕೆ," ಎಂದಳು ಸರ್ವಮಂಗಳಮ್ಮ. ಮೊದಲು ಹಾಸಿಗೆಯ ದಿಕ್ಕು ತಿರುಗಿಸಿದಳು. ಆಮೇಲೆ ಮಠದಿಂದ ವಿಭೂತಿ ತರಿಸಿ ದಿಂಬಿನ ಕೆಳಗೆ ಇಟ್ಟಳು. ಆಮೇಲೆ ಒಂದು ವಾರ ದಿನಾ ಸಂಜೆ ಗಸಗಸೆ ಪಾಯಸ ಮಾಡಿದಳು. ಪಾಯಸ ಬಲು ಚೆನ್ನಾಗಿ ಕೆಲಸ ಮಾಡಿತು. ಸರ್ವಮಂಗಳಮ್ಮ ಕೂತಲ್ಲೇ ನಿದ್ದೆ ಹೋದಳು, ಪುಟ್ಟಿ ಹೋಂವರ್ಕ್ ಪುಸ್ತಕದ ಮೇಲೆ ನಿದ್ದೆ ಹೋದಳು, ಸಿದ್ದಮಲ್ಲಪ್ಪ ಒಂದು ಸಲ ಬ್ಯಾರನ್ನಿಗೆ ಸೌದೆ ಹಾಕುವುದನ್ನೇ ಮರೆಯುವುದರಲ್ಲಿದ್ದ. ಎರಡು ಲೋಟ ಕುಡಿದ ಕಾಂತರಾಜ್ ಒಬ್ಬನೇ ಬೆಳಿಗ್ಗೆ ಕೆಂಡದಂಥ ಕಣ್ಣು ಬಿಟ್ಟುಕೊಂಡು ಹೊರಗೆ ಬಂದ.

ಬೆಳಿಗ್ಗೆ ಎಬ್ಬಿಸುವ ಕೆಲಸ ಸಿದ್ದಮಲ್ಲಪ್ಪನದು. ಐದೂವರೆಗೆ ಸರಿಯಾಗಿ ಬಾಗಿಲ ಮುಂದೆ ಬಂದು ಕೆಮ್ಮಿ, "ಏಳೂವರೆ ಆಯ್ತು, ಏಳ್ಲಾ!" ಎನ್ನುತ್ತಿದ್ದ. ಅವನು ಹೇಳುವ ಹೊತ್ತಿನಲ್ಲಿ ಎರಡು ಗಂಟೆ ಕಳೆಯಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಿಸಿಲು ಬಂದ ಮೇಲೆ ಹಾಸಿಗೆಯಲ್ಲಿರುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ನಾನು ಎಲ್ಡು ಗಂಟೆಗೊಂದ್ಕಿತ ಎದ್ದು ಸೌದೆ ಹಾಕ್ತೀನಿ. ಆದ್ರೂ ನಿದ್ದೆ ಬತ್ತದೆ ನಂಗೆ. ಇವ್ನಿಗೆ ಹೊಸಾ ರೂಮಲ್ಲಿ ಮನಿಕ್ಕಳಕ್ಕೆ ಏನ್ ಬಂದಿರೋದು?" ಎಂದು ಬ್ಯಾರನ್ ಮುಂದಿನ ಶೆಡ್ಡಿನ ಮಂಚದ ಮೇಲೆ ಕೂತು ಕೇಳುತ್ತಿದ್ದ. ಶೆಡ್ಡಿಗೆ ಮೇಲೊಂದು ಸೂರು ಬಿಟ್ಟರೆ ಮೂರು ಕಡೆ ಏನೂ ಇರಲಿಲ್ಲ. ಗಾಳಿ ಆ ಕಡೆಯಿಂದ ಬಂದು ಈ ಕಡೆ ಹೋಗುತ್ತಿತ್ತು. ಮಧ್ಯಾಹ್ನ ಅದೇ ಮಂಚದ ತುದಿಯಲ್ಲಿ ಕೂತರೆ ಸಾಕು, ಕಾಂತರಾಜನಿಗೆ ಐದು ನಿಮಿಷದಲ್ಲಿ ಗೊರಕೆ.

"ನೋಡು, ಕೆಲ್ಸದ ಹೊತ್ತಲ್ಲಿ ಎಂಗೆ ಬತ್ತದೆ ನಿದ್ದೆ!" ಎಂದು ಸಿದ್ದಮಲ್ಲಪ್ಪ ಮಗನ ಕಾಲು ತಟ್ಟಿ ಎಬ್ಬಿಸುತ್ತಿದ್ದ. ನಲವತ್ತು ವರ್ಷ ಬಿಸಿ ಗಾಳಿಯ ಲೆಕ್ಕ ಹಾಕಿದ ಮನುಷ್ಯ ಆಗಲೂ ತಲೆ ಎತ್ತಿ ನೋಡಲಿಲ್ಲ.

ಇನ್ನು ನೀಲಾಂಬಿಕೆಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ರೂಮಿನ ಒಳಗೆ ಕಾಲಿಟ್ಟರೆ ಮುಖಕ್ಕೆ ಹಬೆ ಬಡಿದಂತಾಗುತ್ತಿತ್ತು. ಬ್ಯಾರನ್ ಗೋಡೆ ಮುಟ್ಟಿದರೆ ರೊಟ್ಟಿ ಹಂಚನ್ನು ಇಳಿಸಿದ ಮೇಲೆ ಇರುತ್ತದಲ್ಲ, ಅಷ್ಟು ಬಿಸಿ. ಇದ್ದ ಒಂದು ಕಿಟಕಿ ಬ್ಯಾರನ್ನಿನ ಒಲೆಯ ಕಡೆಗೇ ತೆರೆಯುತ್ತಿತ್ತು, ತೆಗೆದರೆ ಹೊಗೆ ಬೂದಿ ಒಳಗೆ. ಅದಕ್ಕೇ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಅದೂ ಸಾಲದೆಂದು ಸರ್ವಮಂಗಳಮ್ಮ ಮಳೆಗಾಲದಲ್ಲಿ ಇದೊಳ್ಳೆ ಅನುಕೂಲವಾಯಿತೆಂದು ಮನೆಮಂದಿಯ ಒದ್ದೆ ಬಟ್ಟೆಯನ್ನೆಲ್ಲ ಅಲ್ಲೇ ಹಗ್ಗ ಕಟ್ಟಿ ಒಣಹಾಕುತ್ತಿದ್ದಳು. "ಏನ್ ರೂಮು ಕಣವ್ವ! ಎಲ್ಡೇ ಗಂಟೇಲಿ ಪಂಚೆ ಗರಿಗರಿ," ಎಂದು ಹೊಗಳುತ್ತಿದ್ದಳು. ಬಟ್ಟೆಯಿಂದ ಹೋದ ನೀರೆಲ್ಲ ರೂಮಿನ ಗಾಳಿಯಲ್ಲೇ ಉಳಿಯುತ್ತಿತ್ತು. ಫ್ಯಾನು ಹಾಕಿದರೆ ಅದೇ ಹಬೆ ಸುತ್ತುತ್ತಿತ್ತು. ಪುಟ್ಟಿ ಒಂದೇ ವಾರಕ್ಕೆ ದಿಂಬು ಎತ್ತಿಕೊಂಡು ಅಜ್ಜಿಯ ಕೋಣೆಗೆ ಓಡಿಹೋಗಿದ್ದಳು.

ಗೊತ್ತಿದ್ದರೂ ನೀಲಾಂಬಿಕೆ ಬಾಯಿ ಬಿಡಲಿಲ್ಲ. ಕೇಳಿದವಳು ಅವಳೇ. ಕಟ್ಟಿಸಿಕೊಟ್ಟವನು ಮಾವ. ಸೊಸೆ ಒಂದು ಮಾತು ಅಂದಳೆಂದು ಮನೆಗೆ ಕೋಣೆಯನ್ನೇ ಸೇರಿಸಿದ ಮಾವ ಯಾವ ಊರಿನಲ್ಲಿ ಸಿಗುತ್ತಾನೆ? ಅವನೆದುರು ನಿಂತು ನಿಮ್ಮ ರೂಮು ಸೆಕೆ ಎನ್ನುವುದು ಹೇಗೆ? ಕಾಂತರಾಜನೂ ಹೀಗೆಯೇ. ಪಿರಿಯಾಪಟ್ಟಣದ ಡಾಕ್ಟರು ಎಲ್ಲ ಕೇಳಿ, "ಮಲಗೋ ರೂಮಿಗೆ ಗಾಳಿ ಬರುತ್ತೇನ್ರೀ?" ಎಂದಾಗ, "ಹೊಸಾ ರೂಮು ಸಾರ್. ನಮ್ ತಂದೆ ಕಟ್ಸಿರೋದು," ಎಂದು ಹೇಳಿ ಬಂದಿದ್ದ. ಗಾಳಿ ಬರುತ್ತದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆ ಬೆಳಿಗ್ಗೆಯೂ ಮಂಪರು ತರುತ್ತದೆ ಎಂದು ಗೊತ್ತಾಗಿ ಅದನ್ನೂ ಮುಟ್ಟಲಿಲ್ಲ.

ಸೆಪ್ಟೆಂಬರಿನ ಮೊದಲ ವಾರ, ಬೈಲಕುಪ್ಪೆಯ ರಸ್ತೆಯಲ್ಲಿ ಟಿಬೆಟಿಯನ್ನರ ಮಠದ ಲಾಮಾಗಳು ಸಾಲಾಗಿ ನಡೆದುಕೊಂಡು ಹೋಗುತ್ತಿದ್ದರು. ವ್ಯಾನು ಮೆಲ್ಲಗೆ ಅವರ ಕಡೆಗೆ ವಾಲಿಕೊಂಡು ಹೋಯಿತು. ಹಿಂದಿನ ಸೀಟಿನಲ್ಲಿದ್ದ ಪುಟ್ಟಿ "ಅಪ್ಪಾ!" ಎಂದು ಕಿರುಚದಿದ್ದರೆ ಏನಾಗುತ್ತಿತ್ತೋ. ಕಾಂತರಾಜ್ ಬ್ರೇಕು ಒತ್ತಿದಾಗ ಕೊನೆಯ ಲಾಮಾನಿಗೂ ಗಾಡಿಗೂ ಒಂದು ಮಾರು ಇತ್ತು. ಆ ಹುಡುಗ ಸನ್ಯಾಸಿ ತಿರುಗಿ ನೋಡಿ ನಕ್ಕು ಕೈ ಮುಗಿದ. ಕಾಂತರಾಜ್ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಬಾಟಲಿಯ ನೀರನ್ನೆಲ್ಲ ಮುಖಕ್ಕೆ ಎರಚಿಕೊಂಡ.

ಮಕ್ಕಳು ಮನೆಗಳಲ್ಲಿ ಹೇಳಿದರು. ಸಂಜೆಗೆ ವ್ಯಾನಿನ ಮಾಲೀಕ ರುದ್ರಸ್ವಾಮಿಯ ಕಿವಿಗೆ ಬಿತ್ತು.

"ಮಕ್ಳು ಕೂರೋ ಗಾಡಿ ಕಣಪ್ಪ ಕಾಂತ್ರಾಜು," ಎಂದ ರುದ್ರಸ್ವಾಮಿ. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ದಸರಾ ರಜಾ ತಂಕ ನೋಡ್ತೀನಿ. ಇನ್ನೊಂದ್ಕಿತ ಇಂಗಾಯ್ತು ಅಂತ ಕೇಳುದ್ರೆ ಕೀ ತಂದ್ಕೊಟ್ಬುಡು."

ಮನೆಗೆ ಬಂದು ಕಾಂತರಾಜ್ ಹೆಂಡತಿಯೊಬ್ಬಳಿಗೇ ಹೇಳಿದ. "ಕೆಲ್ಸ ಹೋದ್ರೆ ಹೋಗ್ಲಿ ನೀಲಾ. ಆ ಮಕ್ಳು... ಇವತ್ತೇ ಕೀ ಕೊಟ್ಬುಡ್ಲಾ?"

"ಕೊಡ್ಬೇಡಿ. ನಾಳೆಯಿಂದ ನಾನೂ ಬತ್ತೀನಿ," ಎಂದಳು ನೀಲಾಂಬಿಕೆ.

ಮಾರನೆಯ ದಿನದಿಂದ ಅವಳು ವ್ಯಾನಿನ ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತಳು. ಸುಮ್ಮನೆ ಕೂರಲಿಲ್ಲ. ಹಿಂದಿನ ಮಕ್ಕಳಿಂದ ಹದಿಮೂರರ ಮಗ್ಗಿ, ಹದಿನೇಳರ ಮಗ್ಗಿ ಹೇಳಿಸುವುದು, ನಡುವೆ ಗಂಡನನ್ನು ಕೇಳುವುದು. ತಪ್ಪು ಹೇಳಿದರೆ ಇಡೀ ವ್ಯಾನು ಹೋ ಎನ್ನುತ್ತಿತ್ತು. ಆ ಗದ್ದಲದಲ್ಲಿ ತೂಕಡಿಕೆ ಹತ್ತಿರ ಬರುತ್ತಿರಲಿಲ್ಲ. ಶಾಲೆಯ ಗೇಟಿನಲ್ಲಿ ಇಳಿದು ಬಸ್ಸು ಹಿಡಿದು ಅವಳು ಊರಿಗೆ ಬರುವಾಗ ಒಂಬತ್ತೂವರೆ.

ಬೆಳಗಿನ ಆ ಎರಡೂವರೆ ಗಂಟೆ ಸೊಪ್ಪಿನ ಕಾಲದಲ್ಲಿ ಎಷ್ಟು ದೊಡ್ಡದೆಂದು ಸೊಪ್ಪು ಬೆಳೆದವರಿಗೇ ಗೊತ್ತು. ಮುರಿದು ತಂದ ಸೊಪ್ಪನ್ನು ಬಾಡುವ ಮುಂಚೆ ಕಡ್ಡಿಗೆ ಕಟ್ಟಬೇಕು. ಹಸು ಕರೆಯಬೇಕು, ಆಳುಗಳಿಗೆ ರೊಟ್ಟಿ ತಟ್ಟಬೇಕು. ಎಲ್ಲ ಸರ್ವಮಂಗಳಮ್ಮನ ತಲೆಗೆ ಬಂತು. ನಾಲ್ಕು ದಿನ ಗೊಣಗಿದಳು. ಐದನೇ ದಿನ ಸೊಸೆ ಬಸ್ಸಿಳಿದು ಬರುವುದನ್ನೇ ಕಾದು, ಕಟ್ಟುತ್ತಿದ್ದ ಸೊಪ್ಪಿನ ಕಡ್ಡಿಯನ್ನು ನೆಲಕ್ಕೆ ಕುಕ್ಕಿದಳು.

"ಬಂದ್ಯಾ ತಾಯಿ? ಪ್ಯಾಟೆಲಿ ಏನೇನ್ ನೋಡ್ದೆ? ನಮ್ ಕಾಲ್ದಲ್ಲಿ ಗಂಡನ್ ಪಕ್ಕ ಗಾಡೀಲಿ ಕುಂತಿದ್ದು ಮದ್ವೆ ದಿನ ಒಂದೇ. ಇವ್ಳಿಗೆ ದಿನಾ ಮೆರವಣಿಗೆ!"

"ಅತ್ತೆ, ಇವತ್ತು ಸಂಜೆ ತಂಕ ನಾನೇ ಕಟ್ತೀನಿ, ನೀವು ಏಳಿ."

"ಏಳದೇನು? ನಿನ್ನೆ ಮುದ್ದೆ ತೊಳಸ್ತಾ ತೊಳಸ್ತಾ ನಿದ್ದೆ ಹೊಡೆದು ಸೀಯಿಸ್ದೆ. ಹೊಸಾ ರೂಮು ಬಂತು, ಬಾಗ್ಲು ಬಂತು, ಸೋಂಬೇರಿತನ ಜಾಸ್ತಿ ಆಯ್ತು. ಆ ರೂಮ್ ಕಟ್ಸಿದ್ದೇ ತಪ್ಪು!"

ನೀಲಾಂಬಿಕೆ ಅತ್ತೆಗೆ ಎದುರಾಡಿದವಳಲ್ಲ. ಆವತ್ತು ಅವಳ ಕಣ್ಣು ಉರಿಯುತ್ತಿತ್ತು, ತಲೆ ಸಿಡಿಯುತ್ತಿತ್ತು, ನಲವತ್ತು ದಿನದ ನಿದ್ದೆ ಬಾಕಿಯಿತ್ತು.

"ಪ್ಯಾಟೆ ನೋಡಕ್ಕೆ ಓಯ್ತಿಲ್ಲ ಅತ್ತೆ! ನಿಮ್ ಮಗ ಗಾಡೀಲಿ ತೂಕಡಿಸ್ತಾರೆ. ಬೈಲಕುಪ್ಪೆ ಹತ್ರ ಲಾಮಾಗಳ ಮ್ಯಾಲೆ ಹತ್ಸೋರು. ಪುಟ್ಟಿ ಕೂಗ್ದೆ ಇದ್ದಿದ್ರೆ ಇವತ್ತು ನಮ್ಮನೆ ಮುಂದೆ ಜನ ಸೇರಿರೋರು. ಅವ್ರು ನಿದ್ದೆ ಹೋಗ್ದಂಗೆ ಕಾಯಕ್ಕೆ ಓಯ್ತಿದೀನಿ ನಾನು!"

ಪಕ್ಕದಲ್ಲಿ ಕಟ್ಟುತ್ತಿದ್ದ ಇಬ್ಬರು ಆಳು ಹೆಂಗಸರು ತಲೆ ತಗ್ಗಿಸಿಕೊಂಡರು. ಸರ್ವಮಂಗಳಮ್ಮ ಕುಕ್ಕಿದ ಕಡ್ಡಿಯನ್ನು ಎತ್ತಿಕೊಂಡು, "ಮೊದ್ಲೇ ಹೇಳದಲ್ವೇನೇ," ಎಂದಳು. ಮರುದಿನ ಬೆಳಿಗ್ಗೆ ನೀಲಾಂಬಿಕೆ ಹೊರಡುವ ಹೊತ್ತಿಗೆ ಬಾಗಿಲ ಬಳಿ ಎರಡು ಡಬ್ಬಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಸಿದ್ಧವಾಗಿತ್ತು. "ಮಾತಾಡ್ಸ್ತಾ ಇರು ಅವನ್ನ. ಸುಮ್ನೆ ಇರಕ್ಕೆ ಬುಡಬ್ಯಾಡ," ಎಂದು ಅತ್ತೆ ಡಬ್ಬಿಯನ್ನು ಸೊಸೆಯ ಕೈಗಿಟ್ಟಳು. ಗಂಡನಿಗೂ ಲಾಮಾಗಳ ವಿಷಯ ಹೇಳಿದಳು. ಸಿದ್ದಮಲ್ಲಪ್ಪ ಆವತ್ತಿನಿಂದ ಮಗನನ್ನು ಹೀಯಾಳಿಸುವುದು ಬಿಟ್ಟ. ಆದರೆ ಎಲ್ಲಿ ತಪ್ಪಿದೆ ಎಂದು ಮಾತ್ರ ಅವನಿಗೆ ಇನ್ನೂ ತಿಳಿಯಲಿಲ್ಲ.

ತಿಳಿಸಿದವಳು ಪುಟ್ಟಿ. ಅದೂ ತಿಳಿಸಬೇಕು ಎಂದಲ್ಲ.

ಅವಳ ವಿಜ್ಞಾನದ ಗೌತಮಿ ಮಿಸ್ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದರು. ಮನೆಯ ಒಂದು ಜಾಗದಲ್ಲಿ ವಾರವಿಡೀ ಬೆಳಿಗ್ಗೆ ಸಂಜೆ ಉಷ್ಣಾಂಶ ನೋಡಿ ಬರೆದುಕೊಂಡು ಬರಬೇಕು. ಪುಟ್ಟಿ ತಾತನ ಹತ್ತಿರ ಬ್ಯಾರನ್ನಿನ ಹಳೆಯ ಮೀಟರು ಕೇಳಿದಳು. ಒಂದು ಹಲಗೆಗೆ ಕೂರಿಸಿದ ಎರಡು ಗಾಜಿನ ಕಡ್ಡಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಲೆಕ್ಕವೆಲ್ಲ ಹಳೆಯ ಫ್ಯಾರನ್‌ಹೀಟಿನದು, ಜ್ವರ ನೋಡುವ ಕಡ್ಡಿಯ ಹಾಗೆ. ಸಿದ್ದಮಲ್ಲಪ್ಪ ಖುಷಿಯಿಂದ ಮೊಮ್ಮಗಳನ್ನು ಮಂಚದ ಮೇಲೆ ಕೂರಿಸಿಕೊಂಡು ಪಾಠ ಹೇಳಿದ.

"ಇದು ಒಣಾದು, ಬಿಸಿ ಎಷ್ಟದೆ ಅಂತ ಹೇಳ್ತದೆ. ಇದು ಒದ್ದೇದು. ಎಲ್ಡಕ್ಕೂ ನಡುವೆ ಎಷ್ಟು ಅಂತರ ಅದೆ ನೋಡು. ಅಂತರ ಜಾಸ್ತಿ ಇದ್ರೆ ಗಾಳಿ ಒಣಗಿರ್ತದೆ. ಕಮ್ಮಿ ಇದ್ರೆ ಗಾಳೀಲಿ ನೀರು ತುಂಬ್ಕೊಂಡದೆ. ಅಷ್ಟೇ ಕಣವ್ವ, ನಿನ್ ಮಿಸ್ಸಿಗೂ ಗೊತ್ತಿರಕಿಲ್ಲ ಇದು."

ಮೀಟರು ನೇತುಹಾಕಲು ಅಜ್ಜಿ ತನ್ನ ಮಣ್ಣಿನ ಗೋಡೆಗೆ ಮೊಳೆ ಹೊಡೆಯಲು ಬಿಡಲಿಲ್ಲ. ಹೊಸ ರೂಮಿನಲ್ಲಿ ಕ್ಯಾಲೆಂಡರಿಗೆಂದು ಹೊಡೆದ ಮೊಳೆಯಿತ್ತು. ಪುಟ್ಟಿ ಅಲ್ಲಿ ಹಾಕಿದಳು.

ಭಾನುವಾರ ಬೆಳಿಗ್ಗೆ ಸಿದ್ದಮಲ್ಲಪ್ಪ ಲಿಂಗಪೂಜೆ ಮುಗಿಸಿ, ಶೆಡ್ಡಿನಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದಾಗ ಪುಟ್ಟಿ ನೋಟ್‌ಬುಕ್ ತಂದಳು. "ತಾತ, ಸರಿಯಾಗಿ ಬರ್ದಿದೀನಾ ಕೇಳು. ಸೋಮವಾರ ಬೆಳಿಗ್ಗೆ ಎಂಬತ್ತೆಂಟು, ಒದ್ದೇದು ಎಂಬತ್ತೈದು. ಮಂಗಳವಾರ ಬೆಳಿಗ್ಗೆ ಎಂಬತ್ತೊಂಬತ್ತು, ಎಂಬತ್ತಾರು. ಬುಧವಾರ..."

ಸಿದ್ದಮಲ್ಲಪ್ಪ ಕಣ್ಣು ಮುಚ್ಚಿ ತಲೆದೂಗಿದ. "ಭಲೆ! ಯಾರ್ ಬ್ಯಾರನ್ನವ್ವ ಇದು? ಪಕ್ಕದ ತೋಟದ ದೇವರಾಜುಂದಾ? ಚೆಂದಾಗಿ ಹಳದಿಗೆ ಬುಟ್ಟವ್ನೆ."

"ಹಳದಿಗೆ ಅಂದ್ರೆ?"

"ಸೊಪ್ಪು ಏರ್ಸಿದ್ ಮೊದ್ಲು ಒಂದೂವರೆ ದಿನ ಗವಾಕ್ಷಿ ಎಲ್ಲ ಮುಚ್ಚಿ, ಸಣ್ಣಗೆ ಬಿಸಿ ಕೊಟ್ಟು, ಒಳಗಿನ ನೀರು ಒಳಗೇ ಇರಂಗೆ ಬುಡ್ತೀವಿ. ಆಗ ಎಲೆಗೆ ಸಾಯಕ್ಕೂ ಆಗಕಿಲ್ಲ, ಬದುಕಕ್ಕೂ ಆಗಕಿಲ್ಲ. ತನ್ ಮೈಯ್ಯ ತಾನೇ ತಿಂದ್ಕೊಂಡು ಹಳದಿಗೆ ತಿರುಗ್ತದೆ. ಅದೇ ಹಳದಿಗೆ ಬುಡೋದು."

"ಬ್ಯಾರನ್ ಅಲ್ಲ ತಾತ ಇದು. ಅಪ್ಪ ಅಮ್ಮನ ರೂಮು."

ಸಿದ್ದಮಲ್ಲಪ್ಪ ಮೊದಲು ನಕ್ಕ. ಬಟ್ಟೆ ಸರಿಯಾಗಿ ಕಟ್ಟಿಲ್ಲ ಎಂದ. ತಟ್ಟೆಯಲ್ಲಿ ಅರ್ಧ ಇಡ್ಲಿ ಬಿಟ್ಟು ಎದ್ದು ಹೋದ. ರೂಮಿನಲ್ಲಿ ಯಾರೂ ಇರಲಿಲ್ಲ, ಹಗ್ಗದ ತುಂಬ ಒದ್ದೆ ಬಟ್ಟೆಯಿತ್ತು. ಮೀಟರಿನ ಬಟ್ಟೆ ಸರಿಯಾಗಿಯೇ ಇತ್ತು. ಬ್ಯಾರನ್ನಿನಲ್ಲಿ ಮಾಡುವ ಹಾಗೆ ಕಣ್ಣು ಕಿರಿದು ಮಾಡಿ ಎರಡು ಸಲ ಓದಿದ. ಆಮೇಲೆ ಬಾಗಿಲು ಹಾಕಿಕೊಂಡು ಮಗನ ಹಾಸಿಗೆಯ ಮೇಲೆ ಮಲಗಿದ.

ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದಾಗ ಅವನ ಬನಿಯನ್ನು ಮೈಗೆ ಅಂಟಿಕೊಂಡಿತ್ತು. ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಅಂಗಳದಲ್ಲಿ ಎಲ್ಲರೂ ಇದ್ದರು. ಕಾಂತರಾಜ್ ಹಲ್ಲುಜ್ಜುತ್ತಿದ್ದ, ನೀಲಾಂಬಿಕೆ ಪಾತ್ರೆ ತೊಳೆಯುತ್ತಿದ್ದಳು, ಸರ್ವಮಂಗಳಮ್ಮ ಮತ್ತೊಂದು ಬಕೆಟ್ ಒದ್ದೆ ಬಟ್ಟೆ ಹಿಡಿದು ರೂಮಿಗೆ ಹೊರಟಿದ್ದಳು.

"ಕೆಳಗಿಡೇ ಆ ಬಕೀಟ," ಎಂದ ಸಿದ್ದಮಲ್ಲಪ್ಪ.

"ಯಾಕೆ, ಏನಾಯ್ತು? ಮುಖ ಯಾಕಿಂಗಾಗದೆ?"

"ಮಗನ್ನ ಹಳದಿಗೆ ಬುಟ್ಟಿದೀನಿ ಕಣೆ."

ಯಾರಿಗೂ ಅರ್ಥವಾಗಲಿಲ್ಲ. ಪುಟ್ಟಿಗೆ ಮಾತ್ರ ಆಗಿ, ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು.

"ಸೊಪ್ಪಿಗಾದ್ರೆ ಒಂದೂವರೆ ದಿನ," ಎಂದ ಸಿದ್ದಮಲ್ಲಪ್ಪ, "ಆಮ್ಯಾಕೆ ಗವಾಕ್ಷಿ ತೆಗ್ದು ಗಾಳಿ ಬುಡ್ತೀನಿ. ಇವ್ರಿಗೆ ಒಂದೂವರೆ ತಿಂಗ್ಳಾಯ್ತು, ಗಾಳಿ ಬುಟ್ಟಿಲ್ಲ. ಒಂದ್ ಗೋಡೆ ಮಿಗಿಸ್ದೆ ಮಿಗಿಸ್ದೆ ಅಂತ ಊರೆಲ್ಲ ಹೇಳ್ಕೊಂಡ್ ಬಂದೆ." ಅವನು ಜಗಲಿಯ ಮೇಲೆ ಕುಸಿದು ಕೂತ. ಆ ಮನುಷ್ಯ ತಪ್ಪು ಒಪ್ಪಿಕೊಂಡದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಅಪ್ಪಾ, ರೂಮು ಚೆನ್ನಾಗೇ ಅದೆ..." ಎಂದ ಕಾಂತರಾಜ್, ಬಾಯಿತುಂಬ ಪೇಸ್ಟಿನ ನೊರೆಯಲ್ಲಿ.

"ಸುಮ್ಕಿರ್ಲಾ. ನಾನೀಗ ಮನಗಿ ಬಂದೆ."

ಅಷ್ಟರಲ್ಲಿ ಸರ್ವಮಂಗಳಮ್ಮ ಅಲ್ಲಿರಲಿಲ್ಲ. ಬಕೆಟ್ ಅಲ್ಲೇ ಇತ್ತು. ಒಳಗಿನಿಂದ ಏನೋ ಎಳೆಯುವ ಸದ್ದು ಕೇಳಿ ನೀಲಾಂಬಿಕೆ ಓಡಿದಳು. ಅತ್ತೆ ತನ್ನ ಹಳೆಯ ಕೋಣೆಯಿಂದ ತನ್ನ ಹಾಸಿಗೆ ಸುರುಳಿಯನ್ನು ಪಡಸಾಲೆಗೆ ಎಳೆಯುತ್ತಿದ್ದಳು.

"ಅತ್ತೆ, ಏನಿದು? ಇದು ನಿಮ್ ಕೋಣೆ."

"ನಲವತ್ತೈದು ವರ್ಷ ಮನಗಿದೀನಿ, ಸಾಕು. ಸೋರೋ ಕೋಣೆ, ನಾಚ್ಕೆ ಅಂತಿದ್ದೆ. ಹೆಂಚಿನ ಸಂದೀಲಿ ಗಾಳಿ ಆಡ್ತದೆ, ಕಿಟ್ಕಿ ಹೊಲದ ಕಡೆಗದೆ. ನೀವಿಬ್ರೂ ಇಲ್ಲಿ ಮನಿಕ್ಕಳಿ. ನಾನೂ ಪುಟ್ಟೀನೂ ಪಡಸಾಲೇಲಿರ್ತೀವಿ. ನಿಮ್ಮಾವ ಹೆಂಗಿದ್ರೂ ಬ್ಯಾರನ್ ಕಾಯ್ತಾರೆ." ಹಾಸಿಗೆ ಕೆಳಗೆ ಹಾಕಿ ಸೊಸೆಯ ಗಲ್ಲ ಮುಟ್ಟಿದಳು. "ಸೋಂಬೇರಿ ಅಂದ್ಬುಟ್ಟೆ ಕಣವ್ವ ನಿನ್ನ. ಮನ್ಸಲ್ಲಿ ಇಟ್ಕೋಬ್ಯಾಡ."

ನೀಲಾಂಬಿಕೆ ಹಾಸಿಗೆಯ ಇನ್ನೊಂದು ತುದಿ ಹಿಡಿದುಕೊಂಡಳು. ಅತ್ತೆ ಸೊಸೆ ಇಬ್ಬರೂ ಅಳುತ್ತಾ ಹಾಸಿಗೆ ಹೊತ್ತದ್ದನ್ನು ನೋಡಿ ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ಮಧ್ಯಾಹ್ನದೊಳಗೆ ಮಗ ಸೊಸೆಯ ಮಂಚ ಹಳೆಯ ಕೋಣೆ ಸೇರಿತು. ಸೋರುತ್ತಿದ್ದ ಜಾಗದ ಎರಡು ಹೆಂಚನ್ನು ಸಿದ್ದಮಲ್ಲಪ್ಪನೇ ಏಣಿ ಹತ್ತಿ ಸರಿಮಾಡಿದ. ಹೊಸ ರೂಮು ಬಟ್ಟೆ ಒಣಗಿಸುವುದಕ್ಕೇ ಉಳಿಯಿತು.

ಕಾಂತರಾಜ್ ಮೊದಲ ದಿನವೇ ಸತ್ತವನಂತೆ ಮಲಗಿದ ಎಂದರೆ ಸುಳ್ಳಾಗುತ್ತದೆ. ಒಂದೆರಡು ದಿನ ಅಭ್ಯಾಸದಿಂದ ಹೊರಳಾಡಿದ. ಮೂರನೇ ದಿನ ಬೆಳಿಗ್ಗೆ ಎದ್ದು ಬಂದು, ಕಂಬಳಿ ಹೊದ್ದುಕೊಂಡಿದ್ದೆ ಎಂದು ಆಶ್ಚರ್ಯದಿಂದ ಹೇಳಿದ. ಅವನ ಕಣ್ಣಿನ ಕೆಂಪು ಇಳಿಯಿತು, ನೀಲಾಂಬಿಕೆಯ ಮುದ್ದೆ ಸೀಯುವುದು ನಿಂತಿತು. ಮುಂದಿನ ವಾರ ರುದ್ರಸ್ವಾಮಿ ಹೇಳದೆ ಕೇಳದೆ ಒಂದು ಬೆಳಿಗ್ಗೆ ವ್ಯಾನು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಪಿರಿಯಾಪಟ್ಟಣದಲ್ಲಿ ಇಳಿಯುವಾಗ, "ಗಾಡಿ ನೀರ್ ಮೇಲೆ ತೇಲ್ದಂಗೆ ಓಯ್ತು ಕಣಪ್ಪ. ಕೀ ನಿನ್ ಹತ್ರಾನೇ ಇರ್ಲಿ," ಎಂದು ಹೆಗಲು ತಟ್ಟಿದ.

ಮಾರನೆಯ ದಿನ ನೀಲಾಂಬಿಕೆ ವ್ಯಾನು ಹತ್ತಲು ಹೋದಾಗ ಕಾಂತರಾಜ್ ಅಡ್ಡ ಕೈ ಹಿಡಿದ.

"ಇವತ್ತಿಂದ ಬರ್ಬೇಡ. ಹತ್ತೊಂಬತ್ತರ ಮಗ್ಗಿ ತಂಕ ನಂಗೆ ಬಾಯಿಗೆ ಬಂದ್ಬುಟ್ಟದೆ."

"ಖಂಡಿತಾನಾ?"

"ಖಂಡಿತ. ನೀಲಾ..." ಅವನು ಸ್ಟಿಯರಿಂಗ್ ನೋಡುತ್ತಾ ಹೇಳಿದ, "ನೀನ್ ಪಕ್ಕ ಕೂರ್ದೆ ಇದ್ದಿದ್ರೆ ನಾನ್ ಇವತ್ತು ಯಾರ್ ಮುಖಾನೂ ನೋಡಕ್ಕಾಯ್ತಿರ್ನಿಲ್ಲ. ನಿನ್ ಋಣ ತೀರ್ಸಕ್ಕಾಗಕಿಲ್ಲ."

ಹಿಂದಿನಿಂದ ಮಕ್ಕಳು ಹೋ ಎಂದರು. ನೀಲಾಂಬಿಕೆ ನಾಚಿ ಒಳಗೆ ಓಡಿದಳು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಿಂದ ನೋಡುತ್ತಾ ನಿಂತಿದ್ದಳು, ಎದೆಯಲ್ಲಿ ಭಯವಿಲ್ಲದೆ.

ದಸರಾ ರಜೆಯ ಮೊದಲ ಭಾನುವಾರ. ಬಿಸಿಲು ಅಂಗಳಕ್ಕೆ ಪೂರ್ತಿ ಇಳಿದಿತ್ತು. ಸಿದ್ದಮಲ್ಲಪ್ಪ ಹಳೆಯ ಕೋಣೆಯ ಹೊಸಿಲ ಪಕ್ಕ ಕೋಲು ಹಿಡಿದು ಕೂತಿದ್ದ. ಪಕ್ಕದ ಮನೆಯ ಕೋಳಿ ಕೂಗಿಕೊಂಡು ಬಂದರೆ ಅಟ್ಟುತ್ತಿದ್ದ. ಅಡಿಗೆಮನೆಯಲ್ಲಿ ಕುಕ್ಕರಿನ ಸದ್ದು ಬರಲು ಶುರುವಾದಾಗ, "ಇಳ್ಸೇ ಅದನ್ನ, ಪಾತ್ರೇಲಿ ಬೇಯ್ಸು," ಎಂದು ಹೆಂಡತಿಗೆ ಪಿಸುಮಾತಿನಲ್ಲಿ ಗದರಿದ.

ನೀಲಾಂಬಿಕೆ ಕಾಫಿ ತಂದು ಕೊಟ್ಟಳು. ಮಾವ ಲೋಟ ತೆಗೆದುಕೊಂಡು, ಕುಡಿಯದೆ ಕೇಳಿದ.

"ನೀನ್ಯಾಕವ್ವ ನಂಗೊಂದ್ ಮಾತು ಅನ್ನನಿಲ್ಲ?"

"ಕೇಳ್ದೋಳು ನಾನೇ ಅಲ್ವಾ ಮಾವ. ನೀವು ಅಷ್ಟು ಪ್ರೀತೀಲಿ ಕಟ್ಸ್‌ಕೊಟ್ರಿ. ಅದ್ರಲ್ಲಿ ಕೊರೆ ಹೇಳಕ್ಕೆ ಬಾಯಿ ಬರ್ನಿಲ್ಲ. ಈಗ್ಲೂ ಅಷ್ಟೇ, ಆ ರೂಮು ನೋಡುದ್ರೆ ನಂಗೆ ಸಂತೋಷಾನೇ ಆಗೋದು."

ಸಿದ್ದಮಲ್ಲಪ್ಪ ಬ್ಯಾರನ್ನಿನ ಕಡೆ ನೋಡಿದ. "ಸೊಪ್ಪನ್ನ ಎಲ್ಡು ಗಂಟೆಗೊಂದ್ಕಿತ ಎದ್ದೋಗಿ ನೋಡಿದೀನಿ. ನಿಮ್ಮುನ್ನ ಒಂದಿನಾನೂ ಒಳಕ್ ಬಂದು ನೋಡ್ನಿಲ್ಲ ಕಣವ್ವ ನಾನು. ಈ ಸಲದ ಸೊಪ್ಪು ಮುಗೀಲಿ. ಒಂದ್ ಮಾರು ಜಾಗ ಬುಟ್ಟು ನಾಕ್ನೇ ಗೋಡೆ ಕಟ್ಟಿಸ್ತೀನಿ, ಹೊಲದ ಕಡೀಕೆ ಕಿಟ್ಕಿ ಇಡಿಸ್ತೀನಿ."

ಪುಟ್ಟಿ ಮೀಟರು ನೋಡಿಕೊಂಡು ಕೋಣೆಯಿಂದ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದಳು. ಅಜ್ಜಿ ಈಗ ಮಣ್ಣಿನ ಗೋಡೆಗೆ ಮೊಳೆ ಹೊಡೆಯಲು ಒಪ್ಪಿದ್ದಳು. "ಎಪ್ಪತ್ತೆರಡು. ಒದ್ದೇದು ಅರವತ್ತೇಳು. ಇದು ಯಾವ ಹದ ತಾತ?"

"ಈ ಹದ ಬ್ಯಾರನ್ನಲ್ಲಿಲ್ಲ ಕಣವ್ವ," ಎಂದ ಸಿದ್ದಮಲ್ಲಪ್ಪ. "ಇದು ಮನುಷ್ಯರ್ದು."

ಒಳಗೆ ಮಂಚ ಕಿರುಗುಟ್ಟಿತು. ಕಾಂತರಾಜನ ನಿದ್ದೆಗಣ್ಣಿನ ದನಿ ಕೇಳಿತು. "ಅಪ್ಪಾ... ಗಂಟೆ ಎಷ್ಟಾಯ್ತು?"

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹೊಡೆಯಲು ಐದು ನಿಮಿಷವಿತ್ತು. ಬಿಸಿಲು ಸಿದ್ದಮಲ್ಲಪ್ಪನ ಮೊಣಕಾಲಿನವರೆಗೆ ಬಂದಿತ್ತು. ಅವನು ಸೊಸೆಯ ಮುಖ ನೋಡಿದ, ಮೊಮ್ಮಗಳಿಗೆ ಸುಮ್ಮನಿರುವಂತೆ ಬೆರಳು ತೋರಿಸಿದ.

"ಇನ್ನೂ ಐದೂವರೆನೂ ಆಗಿಲ್ಲ ಕಣ್ಲಾ," ಎಂದ. "ಮನಿಕ್ಕೊ."